ವಾಯುಸೇವನೆಯೂ ನಾಯಿಯೂ ಸಂಗೀತವೂ

ಕೃಷ್ಣರಾಜಪುರದಿಂದ ಸೋದರಿಯೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಅದರ ಸಾರಾಂಶವಿಷ್ಟು: ಅವರ ಮನೆಯಲ್ಲಿ ಒಂದು ನಾಯಿಯುಂಟು, ಓದು ಮುಗಿಸಿ ಉದ್ಯೋಗಕ್ಕೆ ಸೇರಿರುವ ಮಗನೂ ಉಂಟು. ಮಗನು ಪ್ರತಿದಿನ ಬೆಳಗ್ಗೆ ನಾಯಿಯನ್ನು ಕರೆದುಕೊಂಡು ಒಂದು ಗಂಟೆಯ ಕಾಲ ತಿರುಗಾಡಿ ಬರುವನು. ಇದು ಸಂತೋಷದ ವಿಷಯವೇ ಸರಿ. ಆದರೆ ಗೇಟನ್ನು ದಾಟುವುದಕ್ಕೆ ಮುಂಚೆಯೇ ಎರಡು ಕಿವಿಗಳಿಗೂ ಸಂಗೀತದ ಗುಂಡಿಗಳನ್ನು ಸಿಕ್ಕಿಸಿಕೊಳ್ಳುವನು; ಆಮೇಲೆ ತಾಯಿ ಕೂಗಿದರೂ ಕೇಳದು, ನಾಯಿ ಬೊಗಳಿದರೂ ಕೇಳದು. “ಇದು ತಪ್ಪೋ ಸರಿಯೋ ತಾವು ಬರೆಯಬೇಕು, ನಾನು ಹೇಳಿದರೆ ಹಳೆಯ ಕಾಲದ ಮಾತು ಎನ್ನುತ್ತಾನೆ” ಎಂದು ಆಕೆ ಕೇಳಿದ್ದಾರೆ. ಜೊತೆಗೆ, ನಾಯಿಗೆ ಸಂಗೀತದ ರುಚಿಯುಂಟೆ ಎಂಬುದು ಅವರ ಇನ್ನೊಂದು ಪ್ರಶ್ನೆ. ಹಳೆಯ ಕಾಲದ ಮಾತನ್ನು ಆಡುವುದಕ್ಕೆಂದೇ ಈ ಪುಟವನ್ನು ನಮಗೆ ಬಿಟ್ಟುಕೊಟ್ಟಿರುವುದರಿಂದ ನಮಗೆ ಆ ಭಯವಿಲ್ಲ.

ಆ ಯುವಕನು ಒಂಟಿಯಲ್ಲ. ನಾವು ಪ್ರಾತಃಕಾಲದಲ್ಲಿ ಹಲಸೂರು ಕೆರೆಯ ಸುತ್ತಣ ರಸ್ತೆಗಳಲ್ಲಿ ವಾಯುಸೇವನೆ ಮಾಡತಕ್ಕವರು. ಒಂದೊಂದು ದಿನ ಕಾಲು ಒಪ್ಪಿದರೆ ಇಂದಿರಾನಗರದ ಎಂಬತ್ತಡಿ ರಸ್ತೆಯವರೆಗೂ ಹೋಗುವುದುಂಟು. ದಾರಿಯಲ್ಲಿ ಎದುರಾಗುವ ನಾಯಿಗಳನ್ನು ಲೆಕ್ಕ ಹಾಕುವುದು ನಮಗೊಂದು ವಿನೋದ. ಹಗ್ಗದ ಒಂದು ತುದಿಯಲ್ಲಿರುವ ಪ್ರಾಣಿಯು ನೆಲವನ್ನು ಮೂಸುತ್ತ, ಕಿವಿಯನ್ನು ನಿಮಿರಿಸುತ್ತ, ಹತ್ತು ಹೆಜ್ಜೆಗೊಮ್ಮೆ ತಲೆಯೆತ್ತಿ ಯಜಮಾನನ ಮುಖವನ್ನು ನೋಡುತ್ತಿರುವುದು. ಇನ್ನೊಂದು ತುದಿಯಲ್ಲಿರುವ ಪ್ರಾಣಿಯು ಕಿವಿಗಳೆರಡನ್ನೂ ಮುಚ್ಚಿಕೊಂಡು, ಎಲ್ಲಿಯೋ ದೃಷ್ಟಿ ನೆಟ್ಟು, ತಾಳಕ್ಕೆ ಸರಿಯಾಗಿ ತಲೆಯಾಡಿಸುತ್ತಿರುವುದು. ೧೮೦೯ರಲ್ಲಿ ಇಂಗ್ಲಿಷರ ಸೈನ್ಯವು ಶ್ರೀರಂಗಪಟ್ಟಣದಿಂದ ಬಂದು ಹಲಸೂರಿನ ಬಳಿ ಬಿಡಾರ ಮಾಡಿದಂದಿನಿಂದ ದಂಡಿನ ಪ್ರದೇಶದಲ್ಲಿ ನಾಯಿಗೆ ಕೊರಳಪಟ್ಟಿ ಕಟ್ಟಿ ತಿರುಗಾಡಿಸುವ ವಾಡಿಕೆ ಬೆಳೆದಿರಬೇಕೆಂದು ತೋರುತ್ತದೆ. ನಮ್ಮ ಹಳ್ಳಿಗಳ ನಾಯಿಗಳಾದರೋ ತಮ್ಮ ತಿರುಗಾಟವನ್ನು ತಾವೇ ನೋಡಿಕೊಳ್ಳುತ್ತಿದ್ದುವು.

ನಾವು ಸಂಸ್ಕೃತ ವ್ಯಾಕರಣ ಓದುತ್ತಿದ್ದ ಕಾಲದಲ್ಲಿ ಪಾಣಿನಿಯ ಒಂದು ಸೂತ್ರದ ವಿಷಯದಲ್ಲಿ ವಿದ್ಯಾರ್ಥಿಗಳೆಲ್ಲ ನಗುತ್ತಿದ್ದೆವು. ಅದರಲ್ಲಿ ಶ್ವನ್, ಯುವನ್, ಮಘವನ್, ಎಂದರೆ ನಾಯಿ, ಯುವಕ, ದೇವೇಂದ್ರ, ಈ ಮೂವರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ; ಮೂರು ಶಬ್ದಗಳಿಗೂ ಆಗತಕ್ಕ ರೂಪಭೇದವು ಒಂದೇ ಬಗೆಯದೆಂಬುದೇ ಕಾರಣ. ಬೆಳಗ್ಗೆ ಈ ಯುವಕರನ್ನೂ ಅವರ ನಾಯಿಗಳನ್ನೂ ಕಂಡಾಗಲೆಲ್ಲ ನಮಗೆ ಆ ಸೂತ್ರದ ನೆನಪಾಗುವುದು. ಕಿವಿಯಲ್ಲಿ ಗಂಧರ್ವಗಾನ ತುಂಬಿಕೊಂಡು ನಡೆಯುವಾತನು ತನ್ನನ್ನು ದೇವೇಂದ್ರನೆಂದು ಭಾವಿಸಿಕೊಂಡಿದ್ದರೂ ಆಶ್ಚರ್ಯವಿಲ್ಲ.

ಸಂಗೀತವನ್ನು ಹೊತ್ತುಕೊಂಡು ತಿರುಗುವುದು ಹೊಸ ಚಪಲವೇನಲ್ಲ. ನಮ್ಮ ಹಿರಿಯರ ಕಾಲದಲ್ಲಿ ಕೀಲಿ ಕೊಟ್ಟು ಹಾಡಿಸುವ ಗ್ರಾಮಫೋನು ಪೆಟ್ಟಿಗೆಗಳಿದ್ದುವು. ಕೈಹಿಡಿ ಇದ್ದುದರಿಂದ ಅವನ್ನು ಬಂಡಿಯಲ್ಲಿಯೋ ಕಾರಿನಲ್ಲಿಯೋ ಇಟ್ಟುಕೊಂಡು ವನಭೋಜನಕ್ಕೆ ಹೋಗಬಹುದಾಗಿತ್ತು. ಆದರೆ ನಡೆಯುತ್ತ ಕೇಳುವ ಹಾಗಿರಲಿಲ್ಲ. ಆಮೇಲೆ ಟ್ರಾನ್ಸಿಸ್ಟರು ಬಂತು. ಅಮೆರಿಕದಲ್ಲಿ ೧೯೫೪ರಲ್ಲಿ ಮಾರಾಟಕ್ಕೆ ಬಂದ ಈ ಬಗೆಯ ಪುಟ್ಟ ರೇಡಿಯೋ ನಮ್ಮ ಊರುಗಳಿಗೆ ಹಬ್ಬುವ ಹೊತ್ತಿಗೆ ಬೆಂಗಳೂರಿನ ಆಕಾಶವಾಣಿಯೂ (೧೯೫೫) ವಿವಿಧಭಾರತಿಯೂ (೧೯೫೭) ಆರಂಭವಾಗಿದ್ದುವು. ನಾವು ಬಾಲಕರಾಗಿದ್ದಾಗ ಶಿವಾಜಿನಗರದ ಅಂಗಡಿ ಬೀದಿಯಲ್ಲಿ ಒಬ್ಬನು ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು ಹೋದನೆಂದರೆ ಕ್ರಿಕೆಟ್ಟಿನ ಲೆಕ್ಕ ಕೇಳುವುದಕ್ಕೆ ಹಿಂದೆ ನಾಲ್ವರು ಹೋಗುತ್ತಿದ್ದರು. ಅಂದಿನ ಟ್ರಾನ್ಸಿಸ್ಟರು ಒಬ್ಬನ ಸೊತ್ತಾದರೂ ಅದರ ಧ್ವನಿ ಬೀದಿಯವರದಾಗಿತ್ತು.

೧೯೭೯ರ ಜುಲೈಯಲ್ಲಿ ಜಪಾನಿನ ಸೋನಿ ಕಂಪೆನಿಯವರು ವಾಕ್‌ಮನ್ ಎಂಬ ಯಂತ್ರವನ್ನು ಹೊರತಂದರು. ಸಂಗೀತವು ಒಬ್ಬನ ತಲೆಯೊಳಗೆ ಮಾತ್ರ ನಡೆಯತಕ್ಕ ವ್ಯವಹಾರವಾದುದು ಅಂದಿನಿಂದ. ಈ ಮೊದಲನೆಯ ವಾಕ್‌ಮನ್ನಿನ ವಿಷಯದಲ್ಲಿ ವಾಚಕರು ತಿಳಿಯತಕ್ಕ ಒಂದು ಸಂಗತಿಯಿದೆ. ಅದಕ್ಕೆ ಎರಡು ಜೊತೆ ಇಯರ್‌ಫೋನುಗಳನ್ನು ಸಿಕ್ಕಿಸಲು ಎರಡು ರಂಧ್ರಗಳಿದ್ದುವು. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿಯಿತ್ತು. ಆ ಗುಂಡಿಯನ್ನು ಒತ್ತಿದರೆ ಹಾಡು ತಗ್ಗಿ, ಯಂತ್ರದ ಮೂಲಕವೇ ಪಕ್ಕದವರ ಮಾತು ಕೇಳುತ್ತಿತ್ತು. ಜೊತೆಯವರನ್ನು ಬಿಟ್ಟು ಒಬ್ಬನೇ ಕೇಳುತ್ತ ಹೋಗುವುದು ಅಸಭ್ಯವೆಂದು ಅದನ್ನು ಮಾಡಿಸಿದವರಿಗೇ ತೋರಿತ್ತು. ಕೊಂಡವರಿಗೆ ಹಾಗೆ ತೋರಲಿಲ್ಲ. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಹೋಯಿತು, ಎರಡನೆಯ ರಂಧ್ರವೂ ಹೋಯಿತು. ನಾಗರಿಕತೆಯ ಚರಿತ್ರೆಯನ್ನು ಬರೆಯುವವರು ರಾಜರ ಪಟ್ಟಾಭಿಷೇಕಗಳ ಜೊತೆಗೆ ಇಂತಹ ಗುಂಡಿಗಳ ಅವಸಾನವನ್ನೂ ಬರೆದಿಡಬೇಕೆಂದು ನಮ್ಮ ಅಭಿಪ್ರಾಯ. ಈಚೆಗೆ ಹೊರಗಿನ ಸದ್ದನ್ನು ಒಳಕ್ಕೆ ಬಿಡುವ ಇಯರ್‌ಫೋನುಗಳು ಬಂದಿವೆಯೆಂದು ತರುಣರು ನಮಗೆ ತೋರಿಸುತ್ತಾರೆ. ಸಂತೋಷ, ಕಿತ್ತಳೆಯ ಗುಂಡಿ ಬೇರೆ ವೇಷದಲ್ಲಿ ಮರಳಿ ಬಂದಂತಾಯಿತು. ಆದರೆ ಅದನ್ನು ಒತ್ತಬೇಕೆಂಬ ಮನಸ್ಸು ಯಂತ್ರದೊಡನೆ ಬರುವುದಿಲ್ಲ.

ನಾಯಿ ಮತ್ತು ಸಂಗೀತಯಂತ್ರ ಎಂದೊಡನೆ ಹಿರಿಯ ವಾಚಕರ ಕಣ್ಣಿಗೆ ಒಂದು ಚಿತ್ರವು ಕಟ್ಟಿರಬೇಕು. ಗ್ರಾಮಫೋನಿನ ತುತ್ತೂರಿಯ ಮುಂದೆ ಕುಳಿತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಆಲಿಸುತ್ತಿರುವ ಬಿಳಿಯ ನಾಯಿಯ ಮುದ್ರೆಯಿಲ್ಲದ ತಟ್ಟೆ ನಮ್ಮ ಮನೆಗಳಲ್ಲಿ ಅಪರೂಪವಾಗಿತ್ತು. ಆ ನಾಯಿ ಕಲ್ಪನೆಯದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದ ಅದರ ಹೆಸರು ನಿಪ್ಪರ್. ಮೊದಲ ಯಜಮಾನನು ೧೮೮೭ರಲ್ಲಿ ತೀರಿಕೊಳ್ಳಲು, ಅವನ ತಮ್ಮನಾದ ಫ್ರಾನ್ಸಿಸ್ ಬರೋ ಎಂಬ ಚಿತ್ರಕಾರನು ಅದನ್ನು ಸಾಕಿಕೊಂಡನು. ನಾಯಿಯೂ ೧೮೯೫ರಲ್ಲಿ ಸತ್ತ ಮೇಲೆ, ಅದು ಯಂತ್ರದ ಮುಂದೆ ಕುಳಿತು ಕೇಳುತ್ತಿದ್ದ ಭಂಗಿಯನ್ನು ನೆನೆದು ಅವನು ಚಿತ್ರ ಬರೆದನು. ೧೮೯೯ರಲ್ಲಿ ಗ್ರಾಮಫೋನ್ ಕಂಪೆನಿಯವರು ಅದನ್ನು ಕೊಂಡರು. ಅದಕ್ಕಾಗಿ ಚಿತ್ರಕಾರನು ಮೊದಲು ಬರೆದಿದ್ದ ಹಳೆಯ ಯಂತ್ರದ ಮೇಲೆ ಅವರ ಯಂತ್ರವನ್ನೇ ಬರೆದುಕೊಟ್ಟನು. ಯಜಮಾನನ ಧ್ವನಿ ಎಂಬುದೇ ಆ ಚಿತ್ರದ ಹೆಸರಾಯಿತು, ವ್ಯಾಪಾರದ ಹೆಸರೂ ಆಯಿತು.

ಈ ಕಂಪೆನಿಯವರು ೧೯೦೨ರಲ್ಲಿ ಕಲ್ಕತ್ತೆಗೆ ಬಂದು ಧ್ವನಿ ಮುದ್ರಿಸಿಕೊಂಡವರಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಪ್ರಸಿದ್ಧಳು. ಮೂರು ನಿಮಿಷಗಳೊಳಗೆ ಹಾಡನ್ನು ಮುಗಿಸಿ, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುವುದು ಆಕೆಯ ಪದ್ಧತಿ. ಆಕೆ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು; ಆಕೆಯ ಧ್ವನಿ ಮಾತ್ರ ಇಂದಿಗೂ ಕೇಳಲು ಸಿಕ್ಕುತ್ತದೆ. ನಾಯಿಯ ಮುದ್ರೆಯ ತಟ್ಟೆಗಳನ್ನು ನಮ್ಮ ದೇಶದಲ್ಲಿ ಮಾಡುತ್ತಿದ್ದ ಕಂಪೆನಿಯೇ ಈಗ ಸರಿಗಮ ಎಂಬ ಹೆಸರಿನಿಂದ ನಡೆಯುತ್ತ, ೨೦೧೭ರಲ್ಲಿ ಕಾರವಾನ್ ಎಂಬ ಪೆಟ್ಟಿಗೆಯನ್ನು ಹೊರತಂದಿತು. ಹಳೆಯ ರೇಡಿಯೋವಿನ ಆಕಾರ; ಒಳಗೆ ಐದು ಸಾವಿರ ಹಾಡುಗಳು. ಹಲಸೂರು ಕೆರೆಯ ಬಳಿಯ ಬೆಂಚುಗಳಲ್ಲಿ ಇದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ವೃದ್ಧರನ್ನು ನಾವು ಕಂಡಿದ್ದೇವೆ. ಪಕ್ಕದ ಬೆಂಚಿನವರಿಗೆ ಆ ಹಾಡು ಬೇಕೋ ಬೇಡವೋ ಎಂದು ಅವರು ಕೇಳುವುದಿಲ್ಲ. ಕಿವಿಯ ಗುಂಡಿಗೆ ಈ ಒಂದು ಸದ್ಗುಣವುಂಟೆಂಬುದನ್ನು ನಾವು ಮರೆಯಲಾಗದು.

ಇರಲಿ. ಆ ಮುದ್ರೆಯ ಚಿತ್ರವನ್ನೂ ಇಂದಿನ ಬೀದಿಯ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಯಜಮಾನನು ಇಲ್ಲ, ಧ್ವನಿಯಿದೆ. ನಾಯಿಯು ಆ ಧ್ವನಿಯಲ್ಲಿ ಅವನನ್ನು ಹುಡುಕುತ್ತಿದೆ. ಇಲ್ಲಿ ಯಜಮಾನನು ಎರಡು ಮೊಳದ ದೂರದಲ್ಲಿಯೇ ಇದ್ದಾನೆ, ಧ್ವನಿಯಿಲ್ಲ. ನಾಯಿಯು ಆಗಾಗ ತಲೆಯೆತ್ತಿ ನೋಡುವುದು ಏತಕ್ಕೆಂಬುದು ಅದನ್ನು ಸಾಕಿದವರಿಗೆಲ್ಲ ಗೊತ್ತು. ಒಂದು ಮಾತು, ಒಂದು ಹೆಸರು, ಒಂದು “ಬಾರೋ” ಸಾಕು. ಅಷ್ಟಕ್ಕೆ ಅದರ ಬಾಲವು ಉತ್ತರ ಕೊಡುವುದು.

ಕನ್ನಡನಾಡಿನಲ್ಲಿ ನಾಯಿಯನ್ನು ಹೆಸರು ಹಿಡಿದು ಕರೆದುದಕ್ಕೆ ಸಾವಿರ ವರ್ಷಗಳಿಗೂ ಮೀರಿದ ಸಾಕ್ಷಿಯಿದೆ. ದಂಡಿನವರು ಅದನ್ನು ನೋಡಲು ದೂರ ಹೋಗಬೇಕಾದುದಿಲ್ಲ. ಕಸ್ತೂರಬಾ ರಸ್ತೆಯ ಸರಕಾರೀ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಿಲಾಶಾಸನವಿದೆ. ಕ್ರಿ.ಶ. ೯೪೯ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಹೋರಾಡಿದನು. ಬೂತುಗನ ಭಟನಾದ ಮಣಲೇರನು ಅದರಲ್ಲಿ ಪರಾಕ್ರಮ ತೋರಲು, ದೊರೆಯು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಇವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಬಳಿಕ ಆ ನಾಯಿಯನ್ನು ಒಂದು ಮಹಾವರಾಹದ ಮೇಲೆ ಬಿಡಲು, ಎರಡೂ ಕಾದಾಡಿ ಎರಡೂ ಸತ್ತುವು. ಅದಕ್ಕಾಗಿ ದೇವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಡಿಸಿ, ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಕೂಡದೆಂದು ಕಟ್ಟುಮಾಡಿದರು. ಶಾಸನದ ಮೇಲೆ ನಾಯಿಯೂ ಹಂದಿಯೂ ಹೋರಾಡುವ ಶಿಲ್ಪವಿದೆ. ಭಾನುವಾರ ಮಕ್ಕಳನ್ನು ಕಬ್ಬನ್ ಪಾರ್ಕಿಗೆ ಕರೆದೊಯ್ಯುವ ಗೃಹಸ್ಥರು ಹತ್ತು ನಿಮಿಷಗಳನ್ನು ಕಾಳಿಗಾಗಿ ವ್ಯಯಮಾಡಿದರೆ ನಷ್ಟವಾಗದು. ಧರ್ಮರಾಯನ ಹಿಂದೆ ಹಿಮಾಲಯದವರೆಗೆ ನಡೆದ ನಾಯಿಯ ಕಥೆಯನ್ನು ಎಲ್ಲರೂ ಬಲ್ಲರು, ಅದಕ್ಕೆ ಹೆಸರಿಲ್ಲ. ನಮ್ಮ ಕಾಳಿಗೆ ಹೆಸರಿದೆ.

ಈಗ ಸೋದರಿಯವರ ಎರಡನೆಯ ಪ್ರಶ್ನೆ. ಶಿಶುಗಳೂ ಪಶುಗಳೂ ಹಾವುಗಳೂ ಗಾನದ ರಸವನ್ನು ಬಲ್ಲುವೆಂದು ಪೂರ್ವಿಕರು ಹೇಳುತ್ತಿದ್ದರು; ನಾಯಿಯನ್ನು ಪಶುಗಳಲ್ಲಿ ಸೇರಿಸಿಕೊಂಡರೆ ಯಾರೂ ಆಕ್ಷೇಪಿಸಲಾರರು. ಹಾವಿನ ವಿಷಯದಲ್ಲಿ ನಮಗೆ ಸಂಶಯವುಂಟು. ೨೦೦೨ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ವಿದ್ವಾಂಸರು ಅನಾಥ ನಾಯಿಗಳ ಆಶ್ರಯದಲ್ಲಿ ಬಗೆಬಗೆಯ ಸಂಗೀತವನ್ನು ನುಡಿಸಿ ಪರೀಕ್ಷಿಸಿದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ನಾಯಿಗಳು ಹೆಚ್ಚು ಹೊತ್ತು ಸುಮ್ಮನೆ ಮಲಗಿದುವಂತೆ. ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತಕ್ಕೆ ಹೆಚ್ಚು ಬೊಗಳಿದುವಂತೆ. ನಮ್ಮ ರಾಗಗಳನ್ನು ಯಾರಾದರೂ ಹೀಗೆ ಪರೀಕ್ಷಿಸಿದರೆ ನೀಲಾಂಬರಿಯೇ ಗೆಲ್ಲುವುದೆಂದು ನಾವು ಪಣ ಕಟ್ಟಲು ಸಿದ್ಧರು. ಆದರೆ ನಾಯಿಯ ಕಿವಿ ನಮ್ಮ ಕಿವಿಯಲ್ಲ. ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳ ಮೇಲಿನ ನಾದವು ಮನುಷ್ಯನಿಗೆ ಕೇಳದು, ಮುಪ್ಪಿನಲ್ಲಿ ಅಷ್ಟೂ ಕೇಳದು. ನಾಯಿಯು ಸುಮಾರು ೪೫,೦೦೦ದವರೆಗೂ ಕೇಳಬಲ್ಲುದು. ನಮಗೆ ಮೆಲ್ಲಗಿರುವುದು ಅದಕ್ಕೆ ಜೋರು. ಆದುದರಿಂದ ಸಂಗೀತಪೆಟ್ಟಿಗೆಯನ್ನು ನಾಯಿಯ ತಲೆಯ ಮಟ್ಟದಲ್ಲಿ ತೂಗುಹಾಕಿಕೊಂಡು ನಡೆಯುವುದು ಅದಕ್ಕೆ ಉಪಚಾರವಲ್ಲ.

ಅಲ್ಲದೆ ನಾಯಿಯು ಹೊರಗೆ ಬರುವುದು ಹಾಡು ಕೇಳುವುದಕ್ಕಲ್ಲ. ದೀಪದ ಕಂಬವೊಂದನ್ನು ಅದು ಎಷ್ಟು ಶ್ರದ್ಧೆಯಿಂದ ಮೂಸುವುದೆಂದರೆ, ನಾವು ಬೆಳಗಿನ ವೃತ್ತಪತ್ರಿಕೆಯನ್ನು ಅಷ್ಟು ಶ್ರದ್ಧೆಯಿಂದ ಓದುವುದಿಲ್ಲ. ತಾಳಕ್ಕೆ ಹೆಜ್ಜೆ ಹಾಕುವ ಯಜಮಾನನು ಪಲ್ಲವಿ ಮುಗಿಯುವುದರೊಳಗೆ ತಿರುವು ಸೇರಬೇಕೆಂಬ ಉತ್ಸಾಹದಿಂದ ಹಗ್ಗವನ್ನು ಎಳೆದುಬಿಡುವನು. ಹೀಗೆ ಒಂದು ಗಂಟೆಯಲ್ಲಿ ನಾಯಿಯು ಓದಬೇಕಾದ ನಲವತ್ತು ಸುದ್ದಿಗಳಲ್ಲಿ ನಾಲ್ಕನ್ನು ಓದಿ ಮನೆಗೆ ಹಿಂದಿರುಗುವುದು. ಬೇಸಗೆಯ ದಿನಗಳಲ್ಲಿ ಇನ್ನೊಂದು ಕಷ್ಟ: ಡಾಂಬರಿನ ಮೇಲೆ ಕೈಯ ಹಿಂಬದಿಯನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ತಕ್ಕುದಲ್ಲ. ಏದುಸಿರಿನ ಸದ್ದಿನಿಂದಲೇ ಅದರ ಆಯಾಸವು ನಮಗೆ ತಿಳಿಯಬೇಕು. ಮುಚ್ಚಿದ ಕಿವಿಗೆ ಏದುಸಿರು ಎಲ್ಲಿಂದ ಕೇಳೀತು?

ಮನುಷ್ಯರ ಕಿವಿಯ ಆರೋಗ್ಯದ ವಿಷಯವನ್ನು ಒಂದು ಮಾತಿನಲ್ಲಿ ಮುಗಿಸುತ್ತೇವೆ. ಜಾಗತಿಕ ಆರೋಗ್ಯ ಸಂಸ್ಥೆಯವರ ಲೆಕ್ಕದಂತೆ ೮೦ ಡೆಸಿಬಲ್ಲಿನ ಧ್ವನಿಯನ್ನು ವಾರಕ್ಕೆ ೪೦ ಗಂಟೆಗಳ ಕಾಲ ಕೇಳಬಹುದು. ೯೦ಕ್ಕೆ ಏರಿಸಿದರೆ ನಾಲ್ಕೇ ಗಂಟೆ. ಹಳೆಯ ಮದ್ರಾಸು ರಸ್ತೆಯ ಲಾರಿಗಳ ಸದ್ದನ್ನು ಮುಳುಗಿಸಬೇಕೆಂದು ಧ್ವನಿಯೇರಿಸುವವರು ಈ ಎರಡನೆಯ ಲೆಕ್ಕವನ್ನು ನೆನಪಿನಲ್ಲಿಡತಕ್ಕದ್ದು.

ಇಷ್ಟು ಬರೆದ ಮೇಲೆ “ಹಾಗಾದರೆ ಗುಂಡಿಗಳನ್ನು ಕಿತ್ತು ಬಿಸಾಡು” ಎಂದು ಆ ಯುವಕನಿಗೆ ಹೇಳುವುದು ಸುಲಭ. ಹಾಗೆ ಹೇಳದಂತೆ ನಮ್ಮನ್ನು ತಡೆಯುವ ಸಂಗತಿಯೊಂದುಂಟು.

ಇಂದಿರಾನಗರದಲ್ಲಿ ನಮ್ಮ ಮಿತ್ರರೊಬ್ಬರಿದ್ದಾರೆ; ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ವಿಶ್ರಾಂತರಾದವರು. ಅವರ ಪತ್ನಿ ಮೂರು ವರ್ಷಗಳ ಹಿಂದೆ ಕಾಲವಾದರು. ಮನೆಯ ನಾಯಿ ಕರಿಯನು ಆಕೆ ಮಳೆಗಾಲದಲ್ಲಿ ಬೀದಿಯಿಂದ ಎತ್ತಿ ತಂದು ಸಾಕಿದ ಮರಿ. ಆಕೆಯಿದ್ದಾಗ ಅದನ್ನು ತಿರುಗಾಡಿಸುತ್ತಿದ್ದುದೂ ಆಕೆಯೇ. ಹೊರದೇಶದಲ್ಲಿರುವ ಮಗನು ಒಂದು ಗೌರೀಹಬ್ಬಕ್ಕೆ ಬಂದಿದ್ದಾಗ, ತಾಯಿ ಅಡಿಗೆಮನೆಯಲ್ಲಿ ದೇವರನಾಮಗಳನ್ನು ಹೇಳಿಕೊಳ್ಳುತ್ತಿದ್ದುದನ್ನು ಆಕೆಗೆ ತಿಳಿಯದಂತೆ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದನು. ನಡುವೆ ಕುಕ್ಕರಿನ ಸೀಟಿಯೂ ಇದೆ, ಒಗ್ಗರಣೆಯ ಸದ್ದೂ ಇದೆ. ಒಟ್ಟು ಇಪ್ಪತ್ತು ನಿಮಿಷ. ನಮ್ಮ ಮಿತ್ರರು ಬೆಳಗ್ಗೆ ಕರಿಯನ ಹಗ್ಗ ಹಿಡಿದು ಹೊರಟಾಗ ಕಿವಿಯಲ್ಲಿ ಕೇಳುತ್ತಿದ್ದುದು ಅದನ್ನೆ. ಮುಗಿದೊಡನೆ ಮತ್ತೆ ಮೊದಲಿನಿಂದ. “ಮೇಷ್ಟ್ರೇ, ಆ ಒಂದು ಗಂಟೆ ಇಲ್ಲದಿದ್ದರೆ ನಾನು ಮನೆಯಿಂದಲೇ ಹೊರಬೀಳುತ್ತಿರಲಿಲ್ಲ” ಎಂದು ಅವರು ನಮಗೆ ಹೇಳಿದ್ದುಂಟು. ಇಂತಹವರಿಗೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವನ್ನು ನಾವು ಓದಿಲ್ಲ.

ಒಂದು ದಿನ ಎಂಬತ್ತಡಿ ರಸ್ತೆಯಲ್ಲಿ ವಿದ್ಯುತ್ತಿನ ಸ್ಕೂಟರೊಂದು ಹಿಂದಿನಿಂದ ಫುಟ್‌ಪಾತಿನ ಮೇಲೆಯೇ ಬಂತು. ಈ ಸ್ಕೂಟರುಗಳಿಗೆ ಸದ್ದೆಂಬುದೇ ಕಡಿಮೆ. ಕರಿಯನಿಗೆ ಕೇಳಿತು, ಅವನು ನಿಂತು ಪಕ್ಕಕ್ಕೆ ಎಳೆದನು. ಮಿತ್ರರಿಗೆ ಕೇಳಲಿಲ್ಲ; ಅವರು ಮುಂದಕ್ಕೆ ಎಳೆದರು. ಸ್ಕೂಟರಿನ ಗಾಲಿ ಕರಿಯನ ಹಿಂಗಾಲಿಗೆ ತಗುಲಿತು. ಅವನು ಅರಚಿದ್ದು ಬೀದಿಗೆಲ್ಲ ಕೇಳಿಸಿತಂತೆ. ಇವರಿಗೆ ಮಾತ್ರ ಹಗ್ಗವು ನಡುಗಿದುದರಿಂದ ತಿಳಿಯಿತು. ಮೂಳೆ ಮುರಿದಿರಲಿಲ್ಲ. ಮೂರು ವಾರ ಕುಂಟಿದನು.

ಆಮೇಲೆ ಇವರು ಇಯರ್‌ಫೋನನ್ನು ಬಿಟ್ಟು, ಅದೇ ಹಾಡುಗಳನ್ನು ಮೊಬೈಲಿನಿಂದ ಬಯಲಾಗಿಯೇ ಮೆಲ್ಲಗೆ ನುಡಿಸಿಕೊಂಡು ಹೊರಟರು. ನಾಯಿಗೂ ಕೇಳಲಿ, ಅದರದೂ ಅಲ್ಲವೆ ಆ ಧ್ವನಿ ಎಂಬುದು ಅವರ ಎಣಿಕೆ. ಮೊದಲ ಹಾಡು ಆರಂಭವಾದೊಡನೆ ಕರಿಯನು ನಿಂತನು. ಮೊಬೈಲಿನ ಕಡೆಗೆ ನೋಡಲಿಲ್ಲ. ಮನೆಯ ಕಡೆಗೆ ತಿರುಗಿ, ಕುಂಟುಗಾಲಿನಲ್ಲಿಯೇ ಇವರನ್ನು ಎಳೆದುಕೊಂಡು ಹೋಗಿ, ಗೇಟನ್ನು ದಾಟಿ, ಅಡಿಗೆಮನೆಯ ಬಾಗಿಲಲ್ಲಿ ಕುಳಿತನು. ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ. ಗ್ರಾಮಫೋನಿನ ತಟ್ಟೆಯ ಮೇಲಿನ ಚಿತ್ರವನ್ನು ನಾವು ಬಾಲ್ಯದಿಂದ ನೋಡಿಕೊಂಡು ಬಂದಿದ್ದರೂ, ಅದು ಅಷ್ಟು ಮುದ್ದಾದ ಚಿತ್ರವಲ್ಲವೆಂದು ನಮಗೆ ತೋರಿದುದು ಅವರು ಇದನ್ನು ಹೇಳಿದ ದಿನ.

ಆ ಬಳಿಕ ನಮ್ಮ ಮಿತ್ರರು ಹೀಗೆ ಮಾಡಿಕೊಂಡಿದ್ದಾರೆ. ಬೆಳಗ್ಗೆ ಐದೂಮುಕ್ಕಾಲಕ್ಕೆ, ಬಿಸಿಲೂ ವಾಹನಗಳೂ ಹೆಚ್ಚುವುದಕ್ಕೆ ಮುಂಚೆ, ಬರಿಯ ಕಿವಿಯಲ್ಲಿ ಹೊರಡುತ್ತಾರೆ. ಹಲಸೂರಿನ ಕಡೆಗೆ ಬಂದ ದಿನ ಸೋಮೇಶ್ವರ ದೇವಾಲಯದ ಗಂಟೆಯೂ ಕೆರೆಯ ಬಳಿಯ ಗುರುದ್ವಾರದ ಕೀರ್ತನೆಯೂ ಕೇಳುತ್ತವೆ. ಮೊದಲು ಇವೆಲ್ಲ ಇದ್ದುವೆಂಬುದೇ ತಮಗೆ ಗೊತ್ತಿರಲಿಲ್ಲವೆನ್ನುತ್ತಾರೆ. ಹಿಂದಿರುಗಿ ಬಂದು, ಕರಿಯನಿಗೆ ನೀರಿಟ್ಟು, ಕಾಫಿ ಬೆರಸಿಕೊಂಡು ಜಗಲಿಯಲ್ಲಿ ಕುಳಿತ ಮೇಲೆ ಇಯರ್‌ಫೋನು ಸಿಕ್ಕಿಸಿಕೊಂಡು ಆ ಇಪ್ಪತ್ತು ನಿಮಿಷಗಳನ್ನು ಕೇಳುತ್ತಾರೆ. ಕರಿಯನು ಗಲ್ಲವನ್ನು ಅವರ ಪಾದದ ಮೇಲಿಟ್ಟು ಮಲಗಿರುತ್ತಾನೆ.

ಸೋದರಿಯವರ ಮಗನಿಗೆ ನಾವು ಕೇಳಿಕೊಳ್ಳುವುದು ಇಷ್ಟೆ: ಎರಡು ಕಿವಿಗಳಲ್ಲಿ ಒಂದನ್ನಾದರೂ ನಾಯಿಗೆ ಬಿಟ್ಟುಕೊಡಲಿ, ರಸ್ತೆ ದಾಟುವಾಗ ಎರಡನ್ನೂ ಬಿಡಲಿ. ಪೂರ್ತಿಯಾಗಿ ಬಿಡಲು ಆಗದಿದ್ದರೆ ಮನೆಗೆ ಹಿಂದಿರುಗುವ ಅರ್ಧ ದಾರಿಯಲ್ಲಿ ಬಿಟ್ಟು ನೋಡಲಿ. ಹೊರಡುವಾಗ ನಾಯಿಗೆ ಬೀದಿಯ ಮೇಲೆ ಧ್ಯಾನ, ಹಿಂದಿರುಗುವಾಗ ಅದಕ್ಕೆ ನಮ್ಮ ಮೇಲೆ ಧ್ಯಾನ ಹೆಚ್ಚು.

ಮೊನ್ನೆ ಎಂಬತ್ತಡಿ ರಸ್ತೆಯಲ್ಲಿ ಮಿತ್ರರು ನಮಗೆ ಸಿಕ್ಕಿದ್ದರು. ಕರಿಯನ ಕಾಲು ಸರಿಯಾಗಿದೆ. ಸ್ಕೂಟರು ತಗುಲಿದ ತಿರುವಿನಲ್ಲಿ ಅವನು ಈಗ ತಾನಾಗಿಯೇ ನಿಂತು ಹಿಂದಕ್ಕೆ ನೋಡುತ್ತಾನೆ, ಅವರೂ ನಿಲ್ಲುತ್ತಾರೆ. “ಏನೂ ಇಲ್ಲ ಕಣೋ, ನಡಿ” ಎಂದು ಅವರು ಹೇಳಿದ ಮೇಲೆ ಇಬ್ಬರೂ ಮುಂದಕ್ಕೆ ಹೋದರು.